ಓದುಗರ ಪ್ರಶ್ನೆ, ನಮ್ಮ ಉತ್ತರ: ಹಿಮದ ನಾಡಿನ ಇನೂಯಿಟ್ ಜನ

ಉತ್ತರ ಧ್ರುವ ವಲಯದ ಇನೂಯಿಟ್ ಜನರನ್ನು ಕುರಿತು ಕಳೆದ ಸಂಚಿಕೆಯಲ್ಲಿ ಒಂದು ಪುಟದ ಪರಿಚಯ ಲೇಖನ ಬರೆದಿದ್ದೆ. ಮರವೇ ಬೆಳೆಯದ, ವರ್ಷದ ಬಹುಭಾಗ ಕಡಲೂ ಹೆಪ್ಪುಗಟ್ಟಿರುವ ನೆಲದಲ್ಲಿ ಅವರು ಹೇಗೆ ನೆಲೆ ನಿಂತರೆಂಬುದು ಅದರ ವಿಷಯವಾಗಿತ್ತು. ಅದನ್ನು ಓದಿ ಕೊಡಗಿನ ಓದುಗರು ಕಳಿಸಿದ ಪ್ರಶ್ನೆಗಳಲ್ಲಿ ಕೆಲವನ್ನು ಆರಿಸಿ ಇಲ್ಲಿ ಉತ್ತರಿಸಿದ್ದೇನೆ. ಮಡಿಕೇರಿಯಲ್ಲಿ ಕಕ್ಕಡ ತಿಂಗಳ ಮಳೆ ಹೆಂಚಿನ ಮೇಲೆ ಬಿಡದೆ ಸುರಿಯುತ್ತಿರುವಾಗ ಒಲೆಯ ಬಳಿ ಕುಳಿತು ಈ ಪತ್ರಗಳನ್ನು ಓದಿದೆ. ಮನೆಯೊಳಗಿನ ಬೆಂಕಿಯ ಬೆಲೆ ತಿಳಿದವರು ಬರೆದ ಪತ್ರಗಳಿವು ಎಂದು ಮತ್ತೆ ಮತ್ತೆ ಅನ್ನಿಸಿತು.

ಪ್ರಶ್ನೆ: ಶಾಲೆಯ ಪಾಠಗಳಲ್ಲಿ ನಾವು ‘ಎಸ್ಕಿಮೊ’ ಎಂದು ಓದಿದ್ದೆವು, ಮಕ್ಕಳಿಗೂ ಹಾಗೆಯೇ ಕಲಿಸಿದೆವು. ನೀವು ‘ಇನೂಯಿಟ್’ ಎಂದು ಬರೆದಿದ್ದೀರಿ. ಎರಡೂ ಒಂದೆಯೆ? (ನಿವೃತ್ತ ಶಿಕ್ಷಕರು, ಸೋಮವಾರಪೇಟೆ)

ಉತ್ತರ: ‘ಎಸ್ಕಿಮೊ’ ಎಂಬುದು ಹೊರಗಿನವರು ಇಟ್ಟ ಹೆಸರು. ಅವರಲ್ಲಿ ಹೆಚ್ಚಿನವರು, ವಿಶೇಷವಾಗಿ ಕೆನಡಾ ಮತ್ತು ಗ್ರೀನ್‌ಲ್ಯಾಂಡಿನವರು, ಅದನ್ನು ಅವಮಾನವೆಂದೇ ಭಾವಿಸುತ್ತಾರೆ. ‘ಇನೂಯಿಟ್’ ಎಂದರೆ ಅವರ ನುಡಿಯಲ್ಲಿ ‘ಜನರು’. ಒಬ್ಬರೇ ಆದರೆ ‘ಇನುಕ್’. 1977ರಲ್ಲಿ ಎಬೆನ್ ಹಾಪ್ಸನ್ ಎಂಬ ನಾಯಕರ ಕರೆಯ ಮೇರೆಗೆ ಬೇರೆ ಬೇರೆ ದೇಶಗಳಲ್ಲಿ ಹಂಚಿಹೋಗಿದ್ದ ಈ ಜನರ ಪ್ರತಿನಿಧಿಗಳು ಅಲಾಸ್ಕಾದ ಬ್ಯಾರೋ ಪಟ್ಟಣದಲ್ಲಿ ಸೇರಿ ಒಂದು ಸಂಘಟನೆ ಕಟ್ಟಿಕೊಂಡರು. ‘ಇನೂಯಿಟ್’ ಎಂಬ ಹೆಸರು ಲೋಕದಲ್ಲಿ ನೆಲೆಯೂರಿದ್ದು ಅಲ್ಲಿಂದೀಚೆಗೆ. ಅಲಾಸ್ಕಾದ ಯೂಪಿಕ್ ಜನ ಇವರ ಬಂಧುಗಳಾದರೂ ತಮ್ಮನ್ನು ಇನೂಯಿಟ್ ಎಂದು ಕರೆದುಕೊಳ್ಳುವುದಿಲ್ಲ ಎಂಬುದನ್ನೂ ನಿಮ್ಮ ವಿದ್ಯಾರ್ಥಿಗಳಿಗೆ ಹೇಳಬಹುದು.

ಗ್ರೀನ್‌ಲ್ಯಾಂಡ್, ಕೆನಡಾ, ಅಲಾಸ್ಕಾ ಮತ್ತು ರಷ್ಯಾದ ಚುಕೋಟ್ಕಾ, ಈ ನಾಲ್ಕೂ ಕಡೆಯವರನ್ನು ಕೂಡಿಸಿದರೆ ಅವರ ಸಂಖ್ಯೆ ಸುಮಾರು 1,80,000. 2011ರ ಜನಗಣತಿಯಲ್ಲಿ ನಮ್ಮ ಕೊಡಗು ಒಂದರಲ್ಲೇ 5,54,519 ಜನರಿದ್ದರು. ಕೊಡಗಿನ ವಿಸ್ತೀರ್ಣ 4,102 ಚದರ ಕಿಲೋಮೀಟರ್. 1999ರ ಏಪ್ರಿಲ್ 1ರಂದು ಕೆನಡಾದಲ್ಲಿ ಇನೂಯಿಟರ ನಾಡಾಗಿ ರೂಪುಗೊಂಡ ನುನಾವುಟ್ ಪ್ರಾಂತ್ಯದ ವಿಸ್ತೀರ್ಣ 20 ಲಕ್ಷ ಚದರ ಕಿಲೋಮೀಟರಿಗೂ ಹೆಚ್ಚು, ಅಲ್ಲಿರುವ ಜನ 2021ರ ಎಣಿಕೆಯಂತೆ 36,858. ಅಲ್ಲಿನ 25 ಊರುಗಳಲ್ಲಿ ಒಂದರಿಂದ ಇನ್ನೊಂದಕ್ಕೆ ರಸ್ತೆಯೇ ಇಲ್ಲ. ನುನಾವುಟ್ ಎಂದರೆ ‘ನಮ್ಮ ನೆಲ’.

ಪ್ರಶ್ನೆ: ಹಿಮದಿಂದಲೇ ಕಟ್ಟಿದ ಮನೆಯೊಳಗೆ ಮನುಷ್ಯರು ಬೆಚ್ಚಗಿರುವುದು ಹೇಗೆ ಸಾಧ್ಯ? ಒಳಗೆ ಬೆಂಕಿ ಹಚ್ಚಿದರೆ ಮನೆ ಕರಗುವುದಿಲ್ಲವೆ? (ಓದುಗರು, ನಾಪೋಕ್ಲು)

ಉತ್ತರ: ‘ಇಗ್ಲು’ ಎಂದರೆ ಅವರ ನುಡಿಯಲ್ಲಿ ಮನೆ ಎಂದಷ್ಟೇ ಅರ್ಥ, ಕಲ್ಲಿನದಾದರೂ ಮರದ್ದಾದರೂ ಅದು ಇಗ್ಲುವೇ. ಹಿಮದ ಮನೆಯನ್ನು ಚಳಿಗಾಲದ ಬಿಡಾರವಾಗಿ ಕಟ್ಟುತ್ತಿದ್ದವರು ಮುಖ್ಯವಾಗಿ ಕೆನಡಾದ ಉತ್ತರ ಭಾಗದವರು. ಗ್ರೀನ್‌ಲ್ಯಾಂಡಿನವರು ಕಲ್ಲು ಮತ್ತು ಹುಲ್ಲುಹೆಂಟೆಗಳಿಂದ ಮನೆ ಮಾಡಿದರೆ, ಅಲಾಸ್ಕಾದವರು ಕಡಲು ದಡಕ್ಕೆ ತಂದು ಹಾಕಿದ ದಿಮ್ಮಿಗಳನ್ನೂ ತಿಮಿಂಗಿಲದ ಎಲುಬುಗಳನ್ನೂ ಬಳಸುತ್ತಿದ್ದರು. ಇಂದು ಎಲ್ಲರೂ ಸಾಮಾನ್ಯ ಮನೆಗಳಲ್ಲಿ ವಾಸವಾಗಿದ್ದಾರೆ. ಬೇಟೆಗೆ ದೂರ ಹೋಗಿ ಬಿರುಗಾಳಿಗೆ ಸಿಕ್ಕಿದವರು ಹಿಮದ ಮನೆ ಕಟ್ಟಿಕೊಳ್ಳುವುದು ಮಾತ್ರ ಇಂದಿಗೂ ಉಂಟು.

ಈ ಮನೆಗೆ ಎಲ್ಲ ಹಿಮವೂ ಆಗದು. ಒಂದೇ ಬಿರುಗಾಳಿಯಲ್ಲಿ ಬಿದ್ದು, ಗಾಳಿಯ ಹೊಡೆತಕ್ಕೆ ಒತ್ತಾಗಿ ಕೂತ ಹಿಮವೇ ಬೇಕು. ಪದರ ಪದರವಾಗಿ ಬಿದ್ದದ್ದು ಕತ್ತರಿಸುವಾಗ ಒಡೆದುಹೋಗುತ್ತದೆ. ಅನುಭವಿಗಳು ಕೋಲು ಚುಚ್ಚಿ ನೋಡಿ, ಅದು ಎಷ್ಟು ಸಮನಾಗಿ ಇಳಿಯುತ್ತದೆ ಎಂಬುದರಿಂದಲೇ ಹಿಮದ ಗುಣ ತಿಳಿಯುತ್ತಾರೆ. ಆ ಹಿಮವನ್ನು ಉದ್ದನೆಯ ಕತ್ತಿಯಿಂದ ಇಟ್ಟಿಗೆಗಳಂತೆ ಕೊಯ್ದು, ಸುರುಳಿಯಾಗಿ, ಪ್ರತಿ ಇಟ್ಟಿಗೆಯೂ ಒಳಕ್ಕೆ ತುಸು ವಾಲುವಂತೆ ಏರಿಸುತ್ತ ಹೋದರೆ, ಆಸರೆಯ ಕಂಬವಿಲ್ಲದೆ ಗುಮ್ಮಟ ಮೇಲೇಳುತ್ತದೆ. ಗಟ್ಟಿ ಮಂಜುಗಡ್ಡೆಗೂ ಹೀಗೆ ಒತ್ತಾದ ಹಿಮಕ್ಕೂ ಇರುವ ವ್ಯತ್ಯಾಸ ಮುಖ್ಯವಾದದ್ದು: ಹಿಮದ ಕಣಗಳ ನಡುವೆ ಗಾಳಿ ಸಿಕ್ಕಿಕೊಂಡಿರುತ್ತದೆ, ಆ ಗಾಳಿಯೇ ಹತ್ತಿಯ ಹಾಸಿಗೆಯಲ್ಲಿರುವಂತೆ ಬಿಸಿಯನ್ನು ಹೊರಗೆ ಬಿಡದೆ ತಡೆಯುತ್ತದೆ. ಬಾಗಿಲಿನ ಸುರಂಗವನ್ನು ತಗ್ಗಿನಲ್ಲಿ, ಮಲಗುವ ಜಗಲಿಯನ್ನು ಎತ್ತರದಲ್ಲಿ ಮಾಡುತ್ತಾರೆ. ತಣ್ಣನೆಯ ಗಾಳಿ ಭಾರವಾದ್ದರಿಂದ ಸುರಂಗದಲ್ಲೇ ಉಳಿಯುತ್ತದೆ, ಮೈಯ ಬಿಸಿ ಮತ್ತು ದೀಪದ ಬಿಸಿ ಮೇಲಿನ ಜಗಲಿಯಲ್ಲಿ ನಿಲ್ಲುತ್ತದೆ. ಹೊರಗೆ ಸೊನ್ನೆಗಿಂತ 40 ಡಿಗ್ರಿ ಕೆಳಗಿನ ಚಳಿಯಿದ್ದರೂ ಒಳಗೆ ಸೊನ್ನೆಯ ಆಸುಪಾಸಿನಲ್ಲೋ ಅದಕ್ಕಿಂತ ಮೇಲೋ ಇರುತ್ತದೆ. ಗೋಡೆಯ ಒಳಮೈ ಸ್ವಲ್ಪ ಕರಗುವುದು ನಿಜ. ಆದರೆ ಅದು ಮತ್ತೆ ಹೆಪ್ಪುಗಟ್ಟಿ ಗೋಡೆಗೆ ಗಾರೆ ಬಳಿದಂತಾಗಿ, ಮನೆ ಮೊದಲಿಗಿಂತ ಗಟ್ಟಿಯಾಗುತ್ತದೆ. ಉಸಿರು ಕಟ್ಟದಿರಲು ನೆತ್ತಿಯಲ್ಲಿ ಒಂದು ಕಿಂಡಿ, ಬೆಳಕಿಗೆ ಸಿಹಿನೀರಿನ ಮಂಜುಗಡ್ಡೆಯ ಒಂದು ಹಲಗೆ.

ಆ ದೀಪದ ವಿಷಯವನ್ನು ಬೇರೆಯಾಗಿಯೇ ಹೇಳಬೇಕು. ಮೆದುಕಲ್ಲಿನಲ್ಲಿ ಅರ್ಧಚಂದ್ರಾಕಾರವಾಗಿ ಕಡೆದ ಆ ದೀಪದ ಹೆಸರು ‘ಕುಲ್ಲಿಕ್’. ಎಣ್ಣೆ ಸೀಲ್ ಪ್ರಾಣಿಯ ಕೊಬ್ಬಿನದು, ಬತ್ತಿ ಹಾವಸೆ ಮತ್ತು ಹುಲ್ಲಿನ ಅರಳೆಯದು. ಕಟ್ಟಿಗೆಯೇ ಇಲ್ಲದ ನಾಡಿನಲ್ಲಿ ಅಡುಗೆ, ಬೆಳಕು, ಕುಡಿಯುವ ನೀರಿಗಾಗಿ ಹಿಮ ಕರಗಿಸುವುದು, ಒದ್ದೆ ಬಟ್ಟೆ ಒಣಗಿಸುವುದು ಎಲ್ಲವೂ ಅದೊಂದರಿಂದಲೇ ಆಗಬೇಕಿತ್ತು. ಅದು ಮನೆಯ ಹೆಂಗಸಿನ ಸ್ವತ್ತು. ಹೊಗೆಯಾಡದಂತೆ, ಜ್ವಾಲೆ ಒಂದೇ ಎತ್ತರದ ಗೆರೆಯಾಗಿ ನಿಲ್ಲುವಂತೆ ಬತ್ತಿಯನ್ನು ಸಣ್ಣ ಕಡ್ಡಿಯಿಂದ ಸರಿಪಡಿಸುತ್ತಲೇ ಇರುವುದು ಚಿಕ್ಕಂದಿನಿಂದ ಕಲಿಯಬೇಕಾದ ವಿದ್ಯೆ. ಕೊಡವರ ಮೂಲಮನೆಯಾದ ಐನ್‌ಮನೆಯ ನಡುಕೋಣೆ, ನೆಲ್ಲಕ್ಕಿ ನಡುಬಾಡೆಯಲ್ಲಿ ತೂಗುವ ದೀಪ ತೂಕ್‌ಬೊಳ್ಚದ ಮುಂದೆ ಕೈಮುಗಿದು ಬೆಳೆದವರಿಗೆ ಆ ದೀಪದ ಸ್ಥಾನವನ್ನು ಹೆಚ್ಚು ವಿವರಿಸಬೇಕಾಗಿಲ್ಲ. ವಿದ್ಯುತ್ ಬಂದ ಮೇಲೂ ನುನಾವುಟ್‌ನಲ್ಲಿ ಮುಖ್ಯ ಸಮಾರಂಭಗಳನ್ನು ಹಿರಿಯ ಹೆಂಗಸೊಬ್ಬರು ಕುಲ್ಲಿಕ್ ಬೆಳಗಿ ಆರಂಭಿಸುತ್ತಾರೆ.

ಪ್ರಶ್ನೆ: ಹೊಲಿಗೆ ನನ್ನ ಕಸುಬು. ಉಣ್ಣೆ, ಹತ್ತಿ ಎರಡೂ ಇಲ್ಲದ ಕಡೆ ಅವರು ಏನನ್ನು ಹೊಲಿದು ತೊಡುತ್ತಿದ್ದರು? (ಗೋಣಿಕೊಪ್ಪಲು)

ಉತ್ತರ: ಕ್ಯಾರಿಬೂ ಎಂಬ ಕಾಡು ಹಿಮಸಾರಂಗದ ತೊಗಲು. ಅದರ ರೋಮ ಒಳಗೆ ಟೊಳ್ಳಾಗಿದ್ದು ಗಾಳಿ ತುಂಬಿಕೊಂಡಿರುವುದರಿಂದ ಹಗುರವೂ ಹೌದು, ಬಿಸಿಯೂ ಹೌದು. ಎರಡು ಅಂಗಿಗಳನ್ನು ತೊಡುತ್ತಿದ್ದರು: ಒಳಗಿನದರ ರೋಮ ಮೈಯ ಕಡೆಗೆ, ಹೊರಗಿನದರ ರೋಮ ಹೊರಕ್ಕೆ. ಚಳಿಯಲ್ಲಿ ಬೆವರುವುದೇ ಸಾವಿಗೆ ದಾರಿ, ಏಕೆಂದರೆ ಒದ್ದೆ ಬಟ್ಟೆ ಹೆಪ್ಪುಗಟ್ಟುತ್ತದೆ. ಆದ್ದರಿಂದ ಮೈಗೆ ಬಿಗಿಯದೆ, ಗಾಳಿಯಾಡಲು ಬಿಡುವಂತೆ ಕತ್ತರಿಸುತ್ತಿದ್ದರು. ಮಗುವನ್ನು ಬೆನ್ನಿಗೆ, ತನ್ನ ಮೈಯ ಬಿಸಿಗೆ ಒತ್ತಿ ಹೊರಲು ತಾಯಿಯ ಅಂಗಿಯಲ್ಲೇ ದೊಡ್ಡ ಚೀಲವಿರುತ್ತದೆ. ಅದಕ್ಕೆ ‘ಅಮೌಟಿ’ ಎಂದು ಹೆಸರು. ಕಾಲಿನ ‘ಕಮಿಕ್’ ಬೂಟು ಸೀಲ್ ತೊಗಲಿನದು. ಅದರ ಹೊಲಿಗೆಯಲ್ಲಿ ಸೂಜಿ ತೊಗಲನ್ನು ಪೂರ್ತಿ ತೂರದೆ ಅರ್ಧದಷ್ಟು ದಪ್ಪದಲ್ಲೇ ಹಾದು ಬರುತ್ತದೆ, ದಾರವಾಗಿ ಬಳಸುವ ಪ್ರಾಣಿಯ ನರ ಒದ್ದೆಯಾದಾಗ ಉಬ್ಬಿ ತೂತನ್ನು ಮುಚ್ಚುತ್ತದೆ. ಹೀಗಾಗಿ ಒಂದು ಹನಿ ನೀರೂ ಒಳಗೆ ಬರದು. ನಿಮ್ಮ ಕಸುಬಿನವರೇ ಇದರ ಕಷ್ಟವನ್ನು ನಿಜವಾಗಿ ಅರಿಯಬಲ್ಲರು.

ನಾರ್ವೆಯ ರೊವಾಲ್ಡ್ ಅಮುಂಡ್ಸೆನ್ 1903ರಿಂದ 1905ರವರೆಗೆ ಕೆನಡಾದ ನೆಟ್ಸಿಲಿಕ್ ಎಂಬ ಪಂಗಡದ ಇನೂಯಿಟರ ನಡುವೆ ಉಳಿದು ಈ ಉಡುಪನ್ನೂ ನಾಯಿಬಂಡಿಯ ವಿದ್ಯೆಯನ್ನೂ ಕಲಿತರು. 1911ರ ಡಿಸೆಂಬರ್ 14ರಂದು ದಕ್ಷಿಣ ಧ್ರುವವನ್ನು ಮೊದಲು ಮುಟ್ಟಿದ ಆ ತಂಡದ ಯಶಸ್ಸಿನಲ್ಲಿ, ಹೆಸರು ದಾಖಲಾಗದ ಎಷ್ಟೋ ಹೆಂಗಸರ ಸೂಜಿಯ ಪಾಲಿದೆ.

ಪ್ರಶ್ನೆ: ಸೊಪ್ಪು ತರಕಾರಿ, ಅಕ್ಕಿ ಏನೂ ಇಲ್ಲದೆ ಬರೀ ಮಾಂಸ ತಿಂದು ಆರೋಗ್ಯವಾಗಿರಲು ಹೇಗೆ ಸಾಧ್ಯ? (ಗೃಹಿಣಿ, ವಿರಾಜಪೇಟೆ)

ಉತ್ತರ: ಪ್ರಾಣಿಯ ಯಾವ ಭಾಗವನ್ನು, ಹೇಗೆ ತಿನ್ನಬೇಕೆಂಬ ತಿಳಿವಳಿಕೆಯಿಂದ. ತಿಮಿಂಗಿಲದ ತೊಗಲು ಮತ್ತು ಅದರಡಿಯ ಕೊಬ್ಬಿಗೆ ‘ಮಕ್ತಾಕ್’ ಎನ್ನುತ್ತಾರೆ. ಅದರಲ್ಲಿ ಸಿ ಜೀವಸತ್ವ ಚೆನ್ನಾಗಿದೆ. ಸೀಲ್‌ನ ಹಸಿ ಪಿತ್ತಜನಕಾಂಗದಲ್ಲೂ ಇದೆ. ಬೇಯಿಸಿದರೆ ನಾಶವಾಗುವ ಈ ಸತ್ವ ಹಸಿಯಾಗಿಯೋ ಹೆಪ್ಪುಗಟ್ಟಿಸಿಯೋ ತಿಂದಾಗ ಉಳಿಯುತ್ತದೆ. ಬಿಸಿಲು ಕಾಣದ ತಿಂಗಳುಗಳಲ್ಲಿ ಬೇಕಾದ ಡಿ ಜೀವಸತ್ವ ಮೀನು ಮತ್ತು ಕಡಲ ಪ್ರಾಣಿಗಳ ಕೊಬ್ಬಿನಿಂದ ಸಿಗುತ್ತದೆ. ಹಿಮಕರಡಿಯ ಪಿತ್ತಜನಕಾಂಗವನ್ನು ಮಾತ್ರ ಮುಟ್ಟಬಾರದೆಂದು ಅವರು ಹಿಂದಿನಿಂದಲೂ ಬಲ್ಲರು. ಅದರಲ್ಲಿ ಎ ಜೀವಸತ್ವ ವಿಷವಾಗುವಷ್ಟು ಅತಿಯಾಗಿದೆ ಎಂದು ವಿಜ್ಞಾನ ಕಂಡುಕೊಂಡದ್ದು 1940ರ ದಶಕದಲ್ಲಷ್ಟೇ. ಬೇಸಗೆಯಲ್ಲಿ ಕಾಡುಹಣ್ಣು, ಕಡಲಪಾಚಿಗಳನ್ನೂ ಕೂಡಿಡುತ್ತಿದ್ದರು. ಕಕ್ಕಡದ ಹದಿನೆಂಟನೆಯ ದಿನ ಮದ್ದುಸೊಪ್ಪಿನ ಪಾಯಸ ಮಾಡುವ, ಒಲೆಯ ಮೇಲಿನ ಹೊಗೆಯಲ್ಲಿ ಮಳೆಗಾಲಕ್ಕೆಂದು ಮಾಂಸ ಒಣಗಿಸಿಡುವ ಮನೆಗಳವರು, ಯಾವ ಕಾಲದಲ್ಲಿ ಯಾವುದು ಮೈಗೆ ಬೇಕು ಎಂಬುದನ್ನು ಪುಸ್ತಕದಿಂದ ಕಲಿತವರಲ್ಲವಷ್ಟೆ.

ಇದರ ಎದುರಿಗೆ ಇನ್ನೊಂದು ಘಟನೆಯನ್ನು ಇಡಬೇಕು. 1845ರಲ್ಲಿ ಬ್ರಿಟನ್ನಿನ ಜಾನ್ ಫ್ರಾಂಕ್ಲಿನ್ ಎರಡು ಹಡಗುಗಳಲ್ಲಿ ಮೂರು ವರ್ಷಕ್ಕಾಗುವಷ್ಟು ಆಹಾರ ತುಂಬಿಕೊಂಡು ಆ ಕಡಲಿಗೆ ಹೋದರು. ಅಲ್ಲಿ ಸಿಕ್ಕಿಬಿದ್ದ 129 ಜನರಲ್ಲಿ ಒಬ್ಬರೂ ಮರಳಲಿಲ್ಲ. ಅದೇ ಸೀಮೆಯಲ್ಲಿ ಇನೂಯಿಟ್ ಕುಟುಂಬಗಳು ಮಕ್ಕಳುಮರಿಗಳೊಂದಿಗೆ ಬಾಳುತ್ತಿದ್ದವು. ಆ ನಾವಿಕರಿಗೆ ಏನಾಯಿತೆಂದು ಇನೂಯಿಟರು ಹೇಳಿದ್ದನ್ನು 1854ರಲ್ಲಿ ಅನ್ವೇಷಕ ಜಾನ್ ರೇ ಲಂಡನ್ನಿಗೆ ಮುಟ್ಟಿಸಿದಾಗ ಅಲ್ಲಿನ ದೊಡ್ಡವರು ಅದನ್ನು ನಂಬಲಿಲ್ಲ, ಹೇಳಿದವರನ್ನೇ ಜರೆದರು. ಮುಳುಗಿದ್ದ ಹಡಗುಗಳು 2014 ಮತ್ತು 2016ರಲ್ಲಿ ಸಿಕ್ಕಿದವು. ಅವನ್ನು ಹುಡುಕಿದವರಿಗೆ ದಾರಿ ತೋರಿದ್ದು ಅಜ್ಜಂದಿರ ಬಾಯಿಂದ ಮೊಮ್ಮಕ್ಕಳಿಗೆ ಇಳಿದು ಬಂದಿದ್ದ ಅದೇ ಇನೂಯಿಟ್ ಮಾತು.

ಪ್ರಶ್ನೆ: ನನ್ನ ತಂದೆಯವರ ಕಾಲದ ಬೇಟೆಯ ಕಥೆಗಳನ್ನು ಕೇಳಿ ಬೆಳೆದವನು ನಾನು. ಹೆಪ್ಪುಗಟ್ಟಿದ ಕಡಲಿನಲ್ಲಿ ಬೇಟೆ ಹೇಗೆ? (ಕೃಷಿಕರು, ಕುಟ್ಟ)

ಉತ್ತರ: ಕಾಯುವುದರಿಂದ. ಚಳಿಗಾಲದ ಕಡಲಿನ ಮೇಲೆ ಮಂಜುಗಡ್ಡೆ ಆಳೆತ್ತರ ದಪ್ಪವಿರುತ್ತದೆ. ಅದರಡಿಯಲ್ಲಿ ಈಜುವ ಸೀಲ್ ಉಸಿರಿಗಾಗಿ ಮೇಲೆ ಬರಲೇಬೇಕು. ಆದ್ದರಿಂದ ಗಡ್ಡೆ ತೆಳುವಾಗಿದ್ದಾಗಲೇ ಹಲವು ಕಡೆ ಕಂಡಿಗಳನ್ನು ಮಾಡಿ, ಮುಂಗಾಲಿನ ಉಗುರುಗಳಿಂದ ಕೆರೆಯುತ್ತ ಚಳಿಗಾಲವಿಡೀ ಅವನ್ನು ತೆರೆದಿಟ್ಟುಕೊಳ್ಳುತ್ತದೆ. ಮೇಲೆ ಹಿಮ ಮುಚ್ಚಿರುವ ಆ ಕಂಡಿಯನ್ನು ನಾಯಿ ಮೂಸಿ ಹುಡುಕಿಕೊಡುತ್ತದೆ. ಬೇಟೆಗಾರ ಅದರೊಳಗೆ ಹಕ್ಕಿಯ ತುಪ್ಪುಳನ್ನೋ ತೆಳ್ಳನೆಯ ಎಲುಬಿನ ಕಡ್ಡಿಯನ್ನೋ ಇಟ್ಟು, ಕಾಲಡಿಯ ಸದ್ದು ನೀರಿಗಿಳಿಯದಂತೆ ತೊಗಲಿನ ತುಂಡಿನ ಮೇಲೆ ನಿಂತು, ಬಾಗಿ, ಅಲುಗಾಡದೆ ಗಂಟೆಗಟ್ಟಲೆ ಕಾಯುತ್ತಾನೆ. ತುಪ್ಪುಳು ಅದುರಿದ ಕ್ಷಣದಲ್ಲಿ ಈಟಿ ಇಳಿಯಬೇಕು. ಒಂದು ಸೀಲ್‌ಗೆ ಹಲವಾರು ಕಂಡಿಗಳಿರುವುದರಿಂದ, ಒಬ್ಬನೇ ಹೋದರೆ ದಿನಗಟ್ಟಲೆ ಬರಿಗೈ. ಹತ್ತಾರು ಜನ ಸೇರಿ ಒಬ್ಬೊಬ್ಬರು ಒಂದೊಂದು ಕಂಡಿಯ ಬಳಿ ನಿಂತರೆ ಯಾರಿಗಾದರೂ ಸಿಕ್ಕೀತು.

ಹೀಗೆ ಸಿಕ್ಕಿದ್ದು ಹೊಡೆದವನೊಬ್ಬನದಾಗಲು ಸಾಧ್ಯವೇ ಇಲ್ಲವೆಂಬುದು ಬೇಟೆಯ ವಿಧಾನದಲ್ಲೇ ಅಡಗಿದೆ. ನೆಟ್ಸಿಲಿಕರಲ್ಲಿ ಸೀಲ್‌ನ ಇಂತಿಂಥ ಭಾಗ ಇಂತಿಂಥವನಿಗೆ ಎಂದು ಜೀವಮಾನದ ಪಾಲುಗಾರರು ಗೊತ್ತಾಗಿರುತ್ತಿದ್ದರು. ಹುಡುಗನೊಬ್ಬ ಮೊದಲ ಸಲ ಬೇಟೆಯಾಡಿದಾಗ ಇಡೀ ಪ್ರಾಣಿಯನ್ನು ಊರಿಗೆ ಹಂಚಿಬಿಡುತ್ತಾರೆ. ಕಡಲಿನ ಪ್ರಾಣಿ ಸಿಹಿನೀರಿಗೆ ಬಾಯಾರಿರುತ್ತದೆಂದು ನಂಬಿ, ಸತ್ತ ಸೀಲ್‌ನ ಬಾಯಿಗೆ ಒಂದು ಗುಟುಕು ನೀರು ಬಿಡುತ್ತಿದ್ದರು. ಹಾಗೆ ಸತ್ಕಾರ ಪಡೆದ ಜೀವ ಮತ್ತೆ ತಮ್ಮ ಕಡೆಗೇ ಬರುತ್ತದೆ ಎಂಬುದು ಅವರ ನಂಬಿಕೆ. ಗುರಿಯಿಟ್ಟವನಿಗೆ, ಪ್ರಾಣಿಯನ್ನು ಅಟ್ಟಿ ತಂದ ಸೋವಿನವರಿಗೆ, ನಾಯಿಗೂ ಸೇರಿದಂತೆ ಪಾಲು ಹಾಕುತ್ತಿದ್ದ ಕ್ರಮವನ್ನು ನಮ್ಮ ಹಿರಿಯರೂ ಹೇಳುತ್ತಾರೆ. 1972ರ ವನ್ಯಜೀವಿ ಕಾಯ್ದೆಯ ನಂತರ ಇಲ್ಲಿ ಆ ಕ್ರಮ ನೆನಪಾಗಿ ಉಳಿದಿದೆ, ಅದು ಹಾಗೆಯೇ ಇರತಕ್ಕದ್ದು. ನಮಗೆ ಗದ್ದೆಯಿದೆ, ತೋಟವಿದೆ. ಅವರಿಗೆ ಬೇಟೆಯೇ ಗದ್ದೆ. ದೂರದ ನಗರಗಳ ಪ್ರಾಣಿದಯೆಯ ಚಳವಳಿಯಿಂದಾಗಿ 1983ರಲ್ಲಿ ಯೂರೋಪು ಎಳೆಯ ಸೀಲ್ ಮರಿಗಳ ತೊಗಲನ್ನು ನಿಷೇಧಿಸಿತು. ಇನೂಯಿಟರು ಆ ಮರಿಗಳನ್ನು ಕೊಂದವರಲ್ಲ. ಆದರೂ ಎಲ್ಲ ಸೀಲ್ ತೊಗಲಿನ ಬೆಲೆ ಕುಸಿದು ಅವರ ಮನೆಗಳಿಗೆ ಬರುತ್ತಿದ್ದ ಹಣ ನಿಂತುಹೋಯಿತು. ದಯೆ ತೋರಿಸುವವರು ಅದರ ಬೆಲೆ ತೆರುವವರು ಯಾರೆಂದು ವಿಚಾರಿಸಬೇಕಿತ್ತು ಎಂಬುದು ನನ್ನ ಅಭಿಪ್ರಾಯ.

ಪ್ರಶ್ನೆ: ಅವರ ಭಾಷೆಯಲ್ಲಿ ಹಿಮಕ್ಕೆ ನೂರು ಪದಗಳಿವೆಯಂತೆ, ನಿಜವೆ? (ಕಾಲೇಜು ವಿದ್ಯಾರ್ಥಿ, ಕುಶಾಲನಗರ)

ಉತ್ತರ: ನೂರು ಎಂಬ ಲೆಕ್ಕಕ್ಕೆ ಅರ್ಥವಿಲ್ಲ. ಅವರದು ಒಂದು ಧಾತುವಿಗೆ ಪ್ರತ್ಯಯಗಳನ್ನು ಸರಪಳಿಯಂತೆ ಪೋಣಿಸಿ ಒಂದು ವಾಕ್ಯದಷ್ಟು ಅರ್ಥವನ್ನು ಒಂದೇ ಪದದಲ್ಲಿ ಹೇಳುವ ಭಾಷೆ. ಪದಗಳನ್ನು ಎಣಿಸತೊಡಗಿದರೆ ಮುಗಿಯುವುದೇ ಇಲ್ಲ. ಆದರೆ ಬೇರೆ ಬೇರೆ ಧಾತುಗಳೂ ಸಾಕಷ್ಟಿವೆ. ಬೀಳುತ್ತಿರುವ ಹಿಮ ‘ಕನಿಕ್’, ನೆಲದ ಮೇಲಿನದು ‘ಅಪುಟ್’, ನೀರಿಗಾಗಿ ಕರಗಿಸುವಂಥದ್ದು ‘ಅನಿಯು’, ಕಾಲು ಹೂತುಹೋಗುವಂಥದ್ದು ‘ಮೌಯಕ್’. ಕಡಲಿನ ಗಡ್ಡೆ ‘ಸಿಕು’, ದಡಕ್ಕೆ ಅಂಟಿ ನಿಂತದ್ದು ‘ತುವಾಕ್’. ನಾವು ಮಡಿಕೇರಿಯ ಕಾವಳವನ್ನೂ, ಹುಲ್ಲಿನ ಮೇಲಿನ ಇಬ್ಬನಿಯನ್ನೂ, ಹಿಮಾಲಯದ ಹಿಮವನ್ನೂ ‘ಮಂಜು’ ಎಂಬ ಒಂದೇ ಪದದಿಂದ ಕರೆದು ಸುಮ್ಮನಿರುತ್ತೇವೆ. ಮಳೆಯ ಮಾತು ಬಂದರೆ ತುಂತುರು, ಸೋನೆ, ಜಡಿ, ಬಿರುಸು ಎಂದು ಬಿಡಿಸಿ ಹೇಳುತ್ತೇವೆ, ಏಕೆಂದರೆ ಯಾವ ಮಳೆಗೆ ನಾಟಿ, ಯಾವ ಮಳೆಗೆ ಮನೆ ಎಂಬುದು ನಮಗೆ ಮುಖ್ಯ.

ಒಂದು ಪದವನ್ನು ವಿಶೇಷವಾಗಿ ಹೇಳಬೇಕು. ಒಂದೇ ದಿಕ್ಕಿನ ಬಲವಾದ ಗಾಳಿ ನೆಲದ ಹಿಮವನ್ನು ನಾಲಗೆಯ ಆಕಾರಕ್ಕೆ ಕೆತ್ತುತ್ತದೆ. ಅವಕ್ಕೆ ‘ಉಕಲುರೈಟ್’ ಎನ್ನುತ್ತಾರೆ. ಆ ನಾಲಗೆಗಳು ಗಟ್ಟಿಯಾದ ಮೇಲೆ ದಿಕ್ಕು ಬದಲಾಯಿಸುವುದಿಲ್ಲ. ಕಣ್ಣಿಗೆ ಏನೂ ಕಾಣದ ಬಿರುಗಾಳಿಯಲ್ಲೂ ಕತ್ತಲೆಯಲ್ಲೂ ಅವನ್ನು ಯಾವ ಕೋನದಲ್ಲಿ ದಾಟುತ್ತಿದ್ದೇನೆ ಎಂದು ಕಾಲಿನಿಂದಲೇ ತಿಳಿದು ಬೇಟೆಗಾರ ಮನೆ ಸೇರುತ್ತಾನೆ. ಆ ಪದವನ್ನು ಮಗ ಕಲಿಯದೆ ಹೋದರೆ ದಾರಿಯೂ ಅದರೊಂದಿಗೆ ಹೋಗುತ್ತದೆ.

ಪ್ರಶ್ನೆ: ನಮ್ಮಲ್ಲಿ ಮೊಮ್ಮಗನಿಗೆ ಅಜ್ಜನ ಹೆಸರಿಡುವ ವಾಡಿಕೆಯಿದೆ. ಅವರಲ್ಲೂ ಹಿರಿಯರ ಹೆಸರು, ಮನೆ ಹೆಸರು ಇವೆಯೆ? (ಅಜ್ಜಿಯೊಬ್ಬರು, ಚೆಟ್ಟಳ್ಳಿ)

ಉತ್ತರ: ಅಮ್ಮಾ, ಹಿರಿಯರ ಹೆಸರಿಡುವುದು ಅವರಲ್ಲಿ ನಮ್ಮದಕ್ಕಿಂತಲೂ ಆಳವಾದ ನಂಬಿಕೆ. ಈಚೆಗೆ ತೀರಿಕೊಂಡವರ ಹೆಸರನ್ನು ಹುಟ್ಟಿದ ಮಗುವಿಗೆ ಇಡುತ್ತಾರೆ. ಹೆಸರಿನೊಂದಿಗೆ ಆ ವ್ಯಕ್ತಿಯ ಜೀವದ ಒಂದು ಅಂಶವೂ ಬಂಧುತ್ವವೂ ಮಗುವಿಗೆ ಬರುತ್ತದೆ ಎಂದು ಭಾವಿಸುತ್ತಾರೆ. ತನ್ನ ತಾಯಿಯ ಹೆಸರನ್ನು ಮಗಳಿಗಿಟ್ಟ ಹೆಂಗಸು ಆ ಮಗುವನ್ನು ‘ಅಮ್ಮ’ ಎಂದೇ ಕರೆಯಬಹುದು. ತೀರಿಕೊಂಡಾಕೆಯ ಗಂಡ ಆ ಕೂಸನ್ನು ‘ಹೆಂಡತಿ’ ಎಂದು ಕರೆದು ಅಕ್ಕರೆಯಿಂದ ಆಡಿಸಬಹುದು. ಹೆಸರಿಗೆ ಗಂಡು ಹೆಣ್ಣೆಂಬ ಭೇದವಿಲ್ಲದ್ದರಿಂದ ಅಜ್ಜನ ಹೆಸರು ಹೆಣ್ಣುಮಗುವಿಗೂ ಬರುತ್ತದೆ. ಅಂಥ ಮಗುವನ್ನು ಗಟ್ಟಿಯಾಗಿ ಗದರಲೂ ಹಿರಿಯರು ಹಿಂಜರಿಯುತ್ತಾರೆ, ಏಕೆಂದರೆ ಒಳಗೆ ಇರುವವರು ತಮಗಿಂತ ಹಿರಿಯರು. ಕಾರಣರಿಗೆ, ಅಂದರೆ ಗತಿಸಿದ ಹಿರಿಯರಿಗೆ, ಎಡೆಯಿಡುವ ಮನೆಯಲ್ಲಿ ಬಾಳಿದ ನಿಮಗೆ ಇದು ಅಪರಿಚಿತ ಭಾವವೆನಿಸದು.

ಮನೆ ಹೆಸರು ಮಾತ್ರ ಅವರಲ್ಲಿರಲಿಲ್ಲ. ಒಬ್ಬರಿಗೆ ಒಂದೇ ಹೆಸರು. ಇದು ಕೆನಡಾದ ಅಧಿಕಾರಿಗಳ ದಾಖಲೆಗೆ ತೊಡಕೆನಿಸಿ, 1940ರ ದಶಕದಲ್ಲಿ ಪ್ರತಿಯೊಬ್ಬರಿಗೂ ಅಂಕಿ ಕೆತ್ತಿದ ಸಣ್ಣ ಬಿಲ್ಲೆಯನ್ನು ಕೊಟ್ಟು ಕೊರಳಿಗೋ ಬಟ್ಟೆಗೋ ಕಟ್ಟಿಕೊಳ್ಳಲು ಹೇಳಿದರು. ಸತ್ತ ತಾಯಿಯನ್ನು ಮಗುವಿನಲ್ಲಿ ಕಾಣುವ ಜನ ಸರ್ಕಾರದ ಕಡತದಲ್ಲಿ ಒಂದು ಸಂಖ್ಯೆಯಾದರು. 1960ರ ದಶಕದ ಕೊನೆಯಲ್ಲಿ ಏಬ್ ಓಕ್‌ಪಿಕ್ ಎಂಬ ಇನೂಯಿಟ್ ಮುಖಂಡರು ಊರೂರು ಅಲೆದು, ಒಂದೊಂದು ಕುಟುಂಬವೂ ತನಗೊಂದು ಮನೆ ಹೆಸರನ್ನು ಆರಿಸಿಕೊಳ್ಳುವಂತೆ ಮಾಡಿದರು. ಬಹಳಷ್ಟು ಜನ ಆರಿಸಿಕೊಂಡದ್ದು ತಂದೆಯ ಅಥವಾ ಅಜ್ಜನ ಹೆಸರನ್ನು.

ಪ್ರಶ್ನೆ: ನಮ್ಮ ಅಜ್ಜ ಅಜ್ಜಿಯರನ್ನು ಕಾಡಿನೊಳಗಿನ ಹಾಡಿಯಿಂದ ಹೊರಗೆ ತಂದಾಗ, ನಿಮ್ಮ ಒಳ್ಳೆಯದಕ್ಕೇ ಎಂದಿದ್ದರಂತೆ. ಆ ಜನರಿಗೂ ಹೀಗಾಗಿದೆಯೆ? (ಯುವಕರೊಬ್ಬರು, ತಿತಿಮತಿ ಸಮೀಪದ ಹಾಡಿ)

ಉತ್ತರ: ಆಗಿದೆ, ಅದೇ ಮಾತಿನಲ್ಲಿ ಆಗಿದೆ. 1953 ಮತ್ತು 1955ರಲ್ಲಿ ಕೆನಡಾ ಸರ್ಕಾರ ಹಡ್ಸನ್ ಕೊಲ್ಲಿಯ ಇನುಕ್ಜುವಾಕ್ ಊರಿನಿಂದ ಮತ್ತು ಪಾಂಡ್ ಇನ್ಲೆಟ್‌ನಿಂದ ಸುಮಾರು 90 ಜನರನ್ನು ಹಡಗಿನಲ್ಲಿ ಕರೆದೊಯ್ದು ತೀರ ಉತ್ತರದ ಗ್ರೈಸ್ ಫಿಯರ್ಡ್ ಮತ್ತು ರೆಸಲ್ಯೂಟ್ ಎಂಬಲ್ಲಿ ಇಳಿಸಿತು. ಅಲ್ಲಿ ಬೇಟೆ ಹೇರಳವಾಗಿದೆ, ಎರಡು ವರ್ಷದಲ್ಲಿ ಇಷ್ಟವಾಗದಿದ್ದರೆ ಮರಳಿ ಕರೆತರುತ್ತೇವೆ ಎಂದು ಮಾತು ಕೊಟ್ಟಿತ್ತು. ಜನವಸತಿಯಿಲ್ಲದ ಆ ದ್ವೀಪಗಳ ಮೇಲೆ ದೇಶದ ಒಡೆತನವನ್ನು ಸ್ಥಾಪಿಸುವ ಉದ್ದೇಶ ಅದರ ಹಿಂದೆ ಇತ್ತೆಂದು ಹೋದವರು ದೂರಿದರು. ಇನುಕ್ಜುವಾಕ್‌ನಲ್ಲಿ ನಡುಚಳಿಗಾಲದಲ್ಲೂ ಸೂರ್ಯ ಹುಟ್ಟುತ್ತಾನೆ. ಗ್ರೈಸ್ ಫಿಯರ್ಡ್‌ನಲ್ಲಿ ಮೂರು ತಿಂಗಳಿಗೂ ಹೆಚ್ಚು ಕಾಲ ಸೂರ್ಯನ ಮುಖವೇ ಇಲ್ಲ. ಮನೆ ಕಟ್ಟಲು ಬೇಕಾದಂಥ ಹಿಮವೂ ಸಾಲದೆ ಮೊದಲ ಚಳಿಗಾಲವನ್ನು ಗುಡಾರಗಳಲ್ಲಿ ಕಳೆದರು. ಒಟ್ಟಿಗೇ ಇರುತ್ತೇವೆಂದು ನಂಬಿ ಹಡಗು ಹತ್ತಿದ ಬಂಧುಗಳನ್ನು ಬೇರೆ ಬೇರೆ ಕಡೆ ಇಳಿಸಲಾಯಿತು. ಮರಳಿ ಕರೆತರುವ ಮಾತು ನಡೆಯಲಿಲ್ಲ. ಸರ್ಕಾರ ಕ್ಷಮೆ ಕೇಳಿದ್ದು 2010ರಲ್ಲಿ.

ಈ ಘಟನೆಯಲ್ಲಿ ಮನಸ್ಸಿಗೆ ನಾಟಬೇಕಾದ ವಿಷಯವೊಂದಿದೆ. ಹೋದವರೂ ಇನೂಯಿಟರೇ, ಚಳಿಯಲ್ಲೇ ಹುಟ್ಟಿದವರು. ‘ಹಿಮದವರಿಗೆ ಯಾವ ಹಿಮವಾದರೇನು’ ಎಂದು ಅಧಿಕಾರಿಗಳು ಎಣಿಸಿದ್ದರು. ಆದರೆ ಬದುಕಿಸುವುದು ಚಳಿ ತಡೆಯುವ ಮೈಯಲ್ಲ. ಈ ಕೊಲ್ಲಿಯಲ್ಲಿ ಮೀನು ಯಾವಾಗ ಬರುತ್ತದೆ, ಈ ಗುಡ್ಡದ ಹಿಂದೆ ಗಾಳಿ ಹೇಗೆ ತಿರುಗುತ್ತದೆ ಎಂಬ, ಒಂದೊಂದು ನೆಲಕ್ಕೂ ಬೇರೆಯಾದ ತಿಳಿವಳಿಕೆ. ಅದನ್ನು ಹಡಗಿಗೆ ಹೇರಿಕೊಂಡು ಹೋಗಲಾಗುವುದಿಲ್ಲ. ನಿಮ್ಮ ಅಜ್ಜಿಗೆ ಯಾವ ಮರದಲ್ಲಿ ಯಾವ ತಿಂಗಳು ಜೇನು ಎಂದು ಗೊತ್ತಿತ್ತು. ಕಾಡಿನ ಹೊರಗಿನ ಸಾಲುಮನೆಯಲ್ಲಿ ಆ ಜ್ಞಾನಕ್ಕೆ ಮರವೇ ಇಲ್ಲ.

ಮಕ್ಕಳನ್ನು ದೂರದ ವಸತಿ ಶಾಲೆಗಳಿಗೆ ಒಯ್ದು ತಾಯ್ನುಡಿಯಾಡಿದರೆ ಶಿಕ್ಷಿಸಿದ್ದೂ ಅದೇ ಕಾಲದ ಸಂಗತಿ. ಅದಕ್ಕೆ ಕೆನಡಾದ ಪ್ರಧಾನಿ ಸಂಸತ್ತಿನಲ್ಲಿ ಕ್ಷಮೆ ಕೇಳಿದ್ದು 2008ರಲ್ಲಿ. 1950ರ ಮತ್ತು 60ರ ದಶಕಗಳಲ್ಲಿ ಪೊಲೀಸರೂ ಅಧಿಕಾರಿಗಳೂ ಬಂಡಿ ಎಳೆಯುವ ನಾಯಿಗಳನ್ನು ದೊಡ್ಡ ಸಂಖ್ಯೆಯಲ್ಲಿ ಕೊಂದದ್ದರಿಂದ ಬೇಟೆಗಾರರ ಕಾಲೇ ಕಡಿದಂತಾಯಿತು. ಕ್ವಿಬೆಕ್ ಪ್ರಾಂತ್ಯದ ಉತ್ತರ ಭಾಗವಾದ ನುನಾವಿಕ್ ಪ್ರದೇಶದ ಜನರಲ್ಲಿ ಸರ್ಕಾರ ಅದಕ್ಕಾಗಿ ಕ್ಷಮೆ ಕೇಳಿದ್ದು 2024ರ ನವೆಂಬರಿನಲ್ಲಿ. ಸಾವಿರ ವರ್ಷಗಳ ಚಳಿ ಮಾಡದ ಹಾನಿಯನ್ನು ಒಂದೇ ತಲೆಮಾರಿನ ಆಡಳಿತ ಮಾಡಿತು ಎಂದು ನಾನು ಹೇಳಿದರೆ ಅದು ಉತ್ಪ್ರೇಕ್ಷೆಯಲ್ಲ.

ಪ್ರಶ್ನೆ: ನಮ್ಮ ಮಕ್ಕಳು ಕೊಡವ ತಕ್ಕ್ ಆಡುವುದು ಕಡಿಮೆಯಾಗುತ್ತಿದೆ. ಅವರ ಭಾಷೆ ಉಳಿದಿದೆಯೆ? (ಪೊನ್ನಂಪೇಟೆ)

ಉತ್ತರ: ಒಂದೊಂದು ಕಡೆ ಒಂದೊಂದು ರೀತಿ. ಗ್ರೀನ್‌ಲ್ಯಾಂಡಿನಲ್ಲಿ ಗಟ್ಟಿಯಾಗಿ ನಿಂತಿದೆ. ಅಲ್ಲಿನ ಭಾಷೆಯಲ್ಲಿ 1861ರಲ್ಲೇ ಪತ್ರಿಕೆ ಹೊರಟಿತು, ಅಂದರೆ ಕನ್ನಡದ ಮೊದಲ ಪತ್ರಿಕೆಯನ್ನು 1843ರಲ್ಲಿ ಮಂಗಳೂರಿನಲ್ಲಿ ಹೊರಡಿಸಿ ಆಮೇಲೆ ಕೊಡಗಿಗೂ ಬಂದು ದುಡಿದ ಮೋಗ್ಲಿಂಗ್ ಅವರ ಕಾಲದಲ್ಲೇ. 2009ರಿಂದ ಅದೊಂದೇ ಅಲ್ಲಿನ ಅಧಿಕೃತ ಭಾಷೆ. ಕೆನಡಾದಲ್ಲಿ ಶಾಲೆ, ಆಡಳಿತಗಳಲ್ಲಿ ಸ್ಥಾನವಿದ್ದರೂ ಮನೆಯಲ್ಲಿ ಆಡುವವರ ಪ್ರಮಾಣ ಜನಗಣತಿಯಿಂದ ಜನಗಣತಿಗೆ ಇಳಿಯುತ್ತಿದೆ. ಒಂದೊಂದು ಸೀಮೆಗೆ ಒಂದೊಂದು ಲಿಪಿ ಇದ್ದುದರಿಂದ ಒಬ್ಬರ ಪುಸ್ತಕ ಇನ್ನೊಬ್ಬರಿಗೆ ಒದಗುತ್ತಿರಲಿಲ್ಲ. 2019ರಲ್ಲಿ ಎಲ್ಲರಿಗೂ ಸಲ್ಲುವ ಒಂದು ಬರಹ ಪದ್ಧತಿಯನ್ನು ಅವರ ರಾಷ್ಟ್ರೀಯ ಸಂಘಟನೆ ಒಪ್ಪಿತು. ಕೊಡವ ತಕ್ಕ್ ಆಡುವವರು 2011ರ ಜನಗಣತಿಯಲ್ಲಿ 1,13,857 ಮಂದಿ. ಯುನೆಸ್ಕೋ ಅದನ್ನು ಅಳಿವಿನಂಚಿನ ಭಾಷೆಗಳ ಪಟ್ಟಿಯಲ್ಲಿಟ್ಟಿದೆ.

ಒಂದು ಕಾಕತಾಳೀಯ ನನ್ನನ್ನು ಬಹಳ ದಿನದಿಂದ ಸೆಳೆದಿದೆ. ಗ್ರೀನ್‌ಲ್ಯಾಂಡಿನಲ್ಲಿ ಹುಟ್ಟಿ, ಅಲ್ಲಿನ ನುಡಿಯನ್ನೇ ಆಡಿ ಬೆಳೆದ ಕ್ನೂದ್ ರಾಸ್‌ಮುಸೆನ್ 1921ರಿಂದ 1924ರವರೆಗೆ ಸಂಗಡಿಗರೊಂದಿಗೆ ಸಂಚರಿಸಿ, ಹಡ್ಸನ್ ಕೊಲ್ಲಿಯಿಂದ ಅಲಾಸ್ಕಾದವರೆಗೆ ನಾಯಿಬಂಡಿಯಲ್ಲಿ ಸಾಗಿ, ಇನೂಯಿಟರ ಹಾಡುಗಳನ್ನೂ ಕಥೆಗಳನ್ನೂ ಬರೆದುಕೊಂಡರು. ಸಾವಿರಾರು ಮೈಲಿಗಳ ಆಚೆಯವರೂ ಅವರ ಮಾತನ್ನು ಅರ್ಥ ಮಾಡಿಕೊಂಡರು, ಅವರಿಗೂ ಆ ಹಾಡುಗಳು ಅರ್ಥವಾದವು. ಅದೇ 1924ರಲ್ಲಿ ನಡಿಕೇರಿಯಂಡ ಚಿಣ್ಣಪ್ಪನವರು ಊರೂರಿನ ಹಾಡುಗಾರರಿಂದ ಕೇಳಿ ಬರೆದ ಕೊಡವರ ಹಾಡು ಮತ್ತು ಕಟ್ಟಳೆಗಳು ‘ಪಟ್ಟೋಲೆ ಪಳಮೆ’ಯಾಗಿ ಪ್ರಕಟವಾದವು. ಬರೆದಿಟ್ಟದ್ದು ಉಳಿಯಿತು. ಆದರೆ ದುಡಿಯ ತಾಳಕ್ಕೆ ದುಡಿಕೊಟ್ಟ್ ಪಾಟನ್ನು ಹಾಡುವ ಬಾಯಿಯನ್ನು ಪುಸ್ತಕ ಒದಗಿಸಲಾರದು, ಅದಕ್ಕೆ ನಿಮ್ಮ ಮನೆಯ ಮಕ್ಕಳೇ ಆಗಬೇಕು.

ಪ್ರಶ್ನೆ: ಅಷ್ಟು ದೂರದ ಜನರಿಗೂ ನಮಗೂ ಯಾವುದಾದರೂ ನೇರ ಸಂಬಂಧ ಇದೆಯೆ? (ಕಾಫಿ ಬೆಳೆಗಾರರು, ಸುಂಟಿಕೊಪ್ಪ)

ಉತ್ತರ: ಇದೆ, ನಮ್ಮ ತೋಟದಿಂದಲೇ. ಬೆಚ್ಚಗಿನ ದೇಶಗಳಲ್ಲಿ ಬಳಸಿದ ಕೆಲವು ರಾಸಾಯನಿಕಗಳು ಆವಿಯಾಗಿ ಗಾಳಿಯೊಂದಿಗೆ ಸಾಗಿ, ತಣ್ಣಗಿನ ಕಡೆ ಇಳಿದು ಬೀಳುತ್ತವೆ. ಮತ್ತೆ ಆವಿಯಾಗಿ ಇನ್ನಷ್ಟು ಉತ್ತರಕ್ಕೆ ಹೋಗುತ್ತವೆ. ಕೊನೆಗೆ ಧ್ರುವದ ಚಳಿಯಲ್ಲಿ ಬಿದ್ದದ್ದು ಮೇಲೇಳುವುದಿಲ್ಲ. ಅಲ್ಲಿ ಪಾಚಿಯಿಂದ ಮೀನಿಗೆ, ಮೀನಿನಿಂದ ಸೀಲ್‌ಗೆ ಏರುತ್ತ ಕೊಬ್ಬಿನಲ್ಲಿ ಕೂಡಿಕೊಳ್ಳುತ್ತವೆ. 1980ರ ದಶಕದಲ್ಲಿ ನುನಾವಿಕ್‌ನ ತಾಯಂದಿರ ಎದೆಹಾಲನ್ನು ಪರೀಕ್ಷಿಸಿದಾಗ, ಕಾರ್ಖಾನೆಯನ್ನೇ ಕಾಣದ ಅವರ ಹಾಲಿನಲ್ಲಿ ಪಿಸಿಬಿ ಎಂಬ ಕೈಗಾರಿಕಾ ವಿಷವು ದಕ್ಷಿಣದ ನಗರಗಳ ತಾಯಂದಿರಿಗಿಂತ ಹೆಚ್ಚಾಗಿ ಕಂಡುಬಂತು. ಇಂಥ ವಸ್ತುಗಳನ್ನು ನಿಯಂತ್ರಿಸುವ 2001ರ ಸ್ಟಾಕ್‌ಹೋಮ್ ಒಪ್ಪಂದಕ್ಕಾಗಿ ಶೀಲಾ ವಾಟ್-ಕ್ಲೂಟಿಯೆ ಮೊದಲಾದ ಇನೂಯಿಟ್ ನಾಯಕರು ದುಡಿದರು. ಕಾಯಿಕೊರಕಕ್ಕೆಂದು ಕಾಫಿಗೆ ಸಿಂಪಡಿಸುತ್ತಿದ್ದ ಎಂಡೋಸಲ್ಫಾನ್ 2011ರಲ್ಲಿ ಆ ಒಪ್ಪಂದದ ಪಟ್ಟಿಗೆ ಸೇರಿತು, ಅದೇ ವರ್ಷ ನಮ್ಮ ಸುಪ್ರೀಂ ಕೋರ್ಟ್ ಅದನ್ನು ತಡೆಯಿತು. ಧ್ರುವ ವಲಯದ ಗಾಳಿಯಲ್ಲೂ ಜೀವಿಗಳಲ್ಲೂ ಸಿಕ್ಕಿರುವ ವಸ್ತುಗಳಲ್ಲಿ ಅದೂ ಒಂದು.

ಪ್ರಶ್ನೆ: 2018ರ ಆಗಸ್ಟಿನಲ್ಲಿ ನಮ್ಮ ಬೆಟ್ಟವೇ ಜಾರಿತು. ಹಿರಿಯರ ಮಳೆಯ ಲೆಕ್ಕ ಈಗ ತಪ್ಪುತ್ತಿದೆ. ಅಲ್ಲಿಯೂ ಹೀಗೆಯೆ? (ಮಕ್ಕಂದೂರು)

ಉತ್ತರ: ಹೀಗೆಯೇ. 1979ರಿಂದೀಚೆಗೆ ಧ್ರುವ ವಲಯ ಭೂಮಿಯ ಸರಾಸರಿಗಿಂತ ಸುಮಾರು ನಾಲ್ಕು ಪಟ್ಟು ವೇಗವಾಗಿ ಬಿಸಿಯಾಗಿದೆ ಎಂದು 2022ರಲ್ಲಿ ಪ್ರಕಟವಾದ ಅಧ್ಯಯನ ಹೇಳಿತು. ಕಡಲು ತಡವಾಗಿ ಹೆಪ್ಪುಗಟ್ಟುತ್ತದೆ, ಬೇಗ ಒಡೆಯುತ್ತದೆ. ಅಜ್ಜಂದಿರು ನಡೆದ ದಾರಿಯಲ್ಲೇ ಅನುಭವಿ ಬೇಟೆಗಾರರು ನೀರಿಗೆ ಬಿದ್ದಿದ್ದಾರೆ. ಈಗ ಕೆಲವು ಊರುಗಳಲ್ಲಿ ಗಡ್ಡೆಯ ದಪ್ಪ ಅಳೆಯುವ ಉಪಕರಣವನ್ನು ಬಂಡಿಯ ಹಿಂದೆ ಎಳೆದು, ಹಿರಿಯರು ಹೇಳಿದ ಅಪಾಯದ ಜಾಗಗಳನ್ನೂ ಸೇರಿಸಿ ನಕ್ಷೆ ಮಾಡಿ ಹಂಚುತ್ತಾರೆ. ಆದರೂ ಕೈಯಲ್ಲಿ ಈಟಿಯಿರುತ್ತದೆ; ಎರಡು ಹೆಜ್ಜೆಗೊಮ್ಮೆ ಗಡ್ಡೆಯನ್ನು ಕುಟ್ಟಿ ಸದ್ದು ಕೇಳಿಯೇ ಮುಂದಡಿ ಇಡುವುದು.

ಪ್ರಶ್ನೆ: ಮಳೆಗಾಲದಲ್ಲಿ ನಮ್ಮೂರಿನಲ್ಲಿ ವಾರಗಟ್ಟಲೆ ಸೂರ್ಯ ಕಾಣುವುದಿಲ್ಲ, ಬೇಸರವಾಗುತ್ತದೆ. ತಿಂಗಳುಗಟ್ಟಲೆ ಕತ್ತಲಿದ್ದರೆ ಅಲ್ಲಿನ ಮಕ್ಕಳು ಏನು ಮಾಡುತ್ತಾರೆ? (ಏಳನೆಯ ತರಗತಿಯ ವಿದ್ಯಾರ್ಥಿನಿ, ಭಾಗಮಂಡಲ)

ಉತ್ತರ: ಮಗೂ, ಪೂರ್ತಿ ಕತ್ತಲೆಯಲ್ಲ, ಬೆಳ್ದಿಂಗಳಿದೆ, ಹಿಮ ಅದನ್ನು ಎರಡರಷ್ಟು ಮಾಡುತ್ತದೆ, ನಡುಹಗಲಿನಲ್ಲಿ ದಿಗಂತದಲ್ಲಿ ಸ್ವಲ್ಪ ಬೆಳಕು ಮೂಡುತ್ತದೆ. ದಾರವನ್ನು ಬೆರಳುಗಳಿಗೆ ಸುತ್ತಿ ಪ್ರಾಣಿಗಳ ಚಿತ್ರ ಮಾಡುವ ಆಟವನ್ನು ಚಳಿಗಾಲದಲ್ಲಿ ಆಡುತ್ತಿದ್ದರು. ಇಗ್ಲೂಲಿಕ್ ಎಂಬ ಊರಿನ ಹಿರಿಯರು ಹೇಳುವಂತೆ, ಸೂರ್ಯ ಹುಟ್ಟಿದ ನಂತರ ಆ ಆಟವನ್ನು ನಿಲ್ಲಿಸಬೇಕು, ಇಲ್ಲದಿದ್ದರೆ ಸೂರ್ಯನ ಕಾಲು ದಾರಕ್ಕೆ ಸಿಕ್ಕಿಕೊಳ್ಳುತ್ತದೆ. ಅಲ್ಲಿ ಜನವರಿಯ ಮಧ್ಯದಲ್ಲಿ ಸೂರ್ಯ ಮೊದಲು ಇಣುಕಿದಾಗ ಮಕ್ಕಳು ಮನೆಮನೆಗೆ ಓಡಿ ಹಳೆಯ ದೀಪಗಳನ್ನೆಲ್ಲ ಆರಿಸುತ್ತಿದ್ದರು, ಆಮೇಲೆ ಹೊಸದಾಗಿ ಹೊತ್ತಿಸಿದ ಒಂದೇ ಬೆಂಕಿಯಿಂದ ಎಲ್ಲ ಮನೆಗಳ ಕುಲ್ಲಿಕ್ ಮತ್ತೆ ಬೆಳಗುತ್ತಿತ್ತು. ಆ ಸೂರ್ಯನನ್ನು ನೋಡಿ ಮಕ್ಕಳು ಮುಖದ ಅರ್ಧ ಭಾಗದಲ್ಲಿ ಮಾತ್ರ ನಗಬೇಕೆಂಬ ಪದ್ಧತಿಯೂ ಇತ್ತು. ಬೆಳಕು ಬಂದಿದೆ ಎಂದು ಒಂದು ಕೆನ್ನೆ ನಗುತ್ತದೆ; ಚಳಿ ಇನ್ನೂ ಹೋಗಿಲ್ಲವಾದ್ದರಿಂದ ಇನ್ನೊಂದು ಕೆನ್ನೆ ಸುಮ್ಮನಿರುತ್ತದೆ.